ಭಾಗವತರ ಬೆರಳು ನಿಲ್ಲುವ ತನಕ

ನಮ್ಮ ದೊಡ್ಡಪ್ಪನಿಗೆ ಓದು ಮರೆತುಹೋಗಿದೆ ಎಂದು ಕೊಪ್ಪದಿಂದ ಶೃಂಗೇರಿಯವರೆಗೆ ಎಲ್ಲರೂ ಹೇಳುತ್ತಾರೆ. ನಾನು ಇದನ್ನು ಒಪ್ಪುವುದಿಲ್ಲ. ಒಪ್ಪದಿರುವುದು ನನ್ನ ಹುಟ್ಟುಗುಣ ಎಂದು ಮನೆಯವರ ಅಭಿಪ್ರಾಯ. ಅದನ್ನೂ ಒಪ್ಪುವುದಿಲ್ಲ, ಅದು ಕಾಲೇಜಿನ ಚರ್ಚಾಕೂಟದಲ್ಲಿ ಕಷ್ಟಪಟ್ಟು ಕಲಿತ ಗುಣ. ಅಲ್ಲಿ ನಮಗೆ ಮೊದಲು ಹೇಳಿಕೊಟ್ಟದ್ದೇ ಎದುರಾಳಿಯ ವಾಕ್ಯದಲ್ಲಿ ಯಾವ ಪದ ಸಡಿಲವಾಗಿದೆ ನೋಡಿ ಅದನ್ನು ಹಿಡಿದೆಳೆಯಬೇಕು ಎಂದು. ಇಲ್ಲಿ ಸಡಿಲವಾಗಿರುವುದು 'ಮರೆತುಹೋಗಿದೆ' ಎಂಬ ಪದ. ಓದು ಮರೆತವನಿಗೆ ಬರೆಯುವುದಕ್ಕೂ ಬರಬಾರದು. ದೊಡ್ಡಪ್ಪ ಬರೆಯುತ್ತಾರೆ. ಕೇಳಿದ್ದನ್ನೆಲ್ಲ ಮುತ್ತು ಪೋಣಿಸಿದ ಹಾಗೆ ಬರೆಯುತ್ತಾರೆ. ಬರೆದದ್ದನ್ನು ತಿರುಗಿಸಿ ಅವರ ಮುಂದೆ ಹಿಡಿದರೆ ಮಾತ್ರ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, "ಯಾರ ಅಕ್ಷರ ಇದು? ಒಳ್ಳೆ ದುಂಡಗಿದೆ. ಎಂತ ಬರ್ದಿದಾರೆ?" ಎಂದು ಕೇಳುತ್ತಾರೆ. ಇದಕ್ಕೆ ಮರೆವು ಎನ್ನಬಹುದೇ? ಎನ್ನಬಹುದು ಎನ್ನುವವರು ಕೈ ಎತ್ತಿ, ಆಮೇಲೆ ನಾನು ಕೇಳುವ ಪ್ರಶ್ನೆಗೆ ಸಿದ್ಧರಾಗಿ. ಪ್ರಶ್ನೆ ಏನು ಎಂಬುದು ನನಗೇ ಇನ್ನೂ ಸರಿಯಾಗಿ ಗೊತ್ತಾಗಿಲ್ಲ, ಅದು ಬೇರೆ ಮಾತು.

ದೊಡ್ಡಪ್ಪ ಯಾರು ಎಂದು ಹೇಳಿಬಿಡುತ್ತೇನೆ. ಕೊಪ್ಪದ ಹತ್ತಿರದ ನಾರ್ವೆಯ ಕಡೆ ಒಂದು ಕಾಫಿ ಎಸ್ಟೇಟಿನಲ್ಲಿ ಬಹಳ ವರ್ಷ ರೈಟರಾಗಿದ್ದವರು. ಎಸ್ಟೇಟಿನಲ್ಲಿ ಲೆಕ್ಕ ಬರೆಯುವವರನ್ನು ನಮ್ಮಲ್ಲಿ ರೈಟರು ಎಂದೇ ಕರೆಯುವುದು. ನಿವೃತ್ತಿಯಾದ ಮೇಲೂ ಊರವರಿಗೆ ಅವರು 'ರೈಟ್ರು' ಆಗಿಯೇ ಉಳಿದರು. ಸಂಬಳಕ್ಕೆ ರೈಟರು, ಪ್ರಾಣಕ್ಕೆ ಭಾಗವತರು. ತಾಳಮದ್ದಳೆಯಲ್ಲಿ ನಡುವೆ ಕೂತು, ಪ್ರಸಂಗದ ಪುಸ್ತಕವನ್ನು ಮುಂದೆ ಬಿಡಿಸಿಟ್ಟುಕೊಂಡು, ತಾಳ ಹಾಕುತ್ತ ಪದ್ಯ ಹಾಡುವ ಮನುಷ್ಯ. ವೇಷವಿಲ್ಲ, ಕುಣಿತವಿಲ್ಲ, ಅವರು ಪದ್ಯ ಹಾಡಿ ನಿಲ್ಲಿಸಿದ ಮೇಲೆ ಇತ್ತಲಿಂದ ಒಬ್ಬರು ಅತ್ತಲಿಂದ ಒಬ್ಬರು ಪಂಚೆ ಶಾಲಿನಲ್ಲೇ ಕೂತು ರಾಜನೂ ಮಂತ್ರಿಯೂ ಆಗಿ ವಾದ ಮಾಡುತ್ತಾರೆ. ಇದಕ್ಕೆ ಅರ್ಥ ಹೇಳುವುದು ಎನ್ನುತ್ತಾರೆ. ಬರೆದಿಟ್ಟುಕೊಂಡ ಮಾತಿಲ್ಲ, ಸಮಯದ ಗಂಟೆಯಿಲ್ಲ, ತೀರ್ಪುಗಾರರಿಲ್ಲ. ಚರ್ಚಾಕೂಟದಲ್ಲಿ ಗಂಟೆ ಬಾರಿಸಿದ ಕೂಡಲೇ ಬಾಯಿ ಮುಚ್ಚಲು ಕಲಿತ ನನಗೆ ಇದೊಂದು ಅರಾಜಕ ವ್ಯವಸ್ಥೆಯಾಗಿ ಕಾಣುತ್ತಿತ್ತು. ಒಬ್ಬ ರಾಜ "ಆಗದು" ಎಂದು ಹೇಳಲು ಅಷ್ಟು ಹೊತ್ತು ತೆಗೆದುಕೊಂಡರೆ ಆ ರಾಜ್ಯದ ಉಳಿದ ಕೆಲಸ ನಡೆಯುವುದು ಯಾವಾಗ ಎಂದು ನಾನು ಕೇಳುತ್ತಿದ್ದೆ. ಆಗ ಕೇಳಿದ್ದಕ್ಕೆ ಈಗ ಅನುಭವಿಸಿದ್ದೇನೆ.

ಮಳೆಗಾಲ ಮುಗಿಯುತ್ತ ಬಂದಾಗ ದೊಡ್ಡಪ್ಪನಿಗೆ ಒಂದು ಬೆಳಿಗ್ಗೆ ತಲೆ ಸುತ್ತಿತು. ವಾಂತಿಯಾಯಿತು, ಪಿತ್ತ ಎಂದುಕೊಂಡು ಶುಂಠಿ ಕಷಾಯ ಕುಡಿದರು, ಮಧ್ಯಾಹ್ನಕ್ಕೆ ಎದ್ದು ಊಟ ಮಾಡಿದರು. ಕೈ ಕಾಲು ನೆಟ್ಟಗಿವೆ, ಮಾತು ನೆಟ್ಟಗಿದೆ. ದೊಡ್ಡಮ್ಮನಿಗೆ ಸಾರಿನಲ್ಲಿ ಉಪ್ಪು ಹೆಚ್ಚಾಗಿದೆ ಎಂದು ಬೈಯುವ ತಾಕತ್ತೂ ಇದೆ. ಬಲಗಡೆ ಸ್ವಲ್ಪ ಮಸುಕು ಎಂದರು, ಅಷ್ಟೆ. ಸಂಜೆ ಅಂಗಡಿಗೆ ಚೀಟಿ ಬರೆದುಕೊಂಡು ಹೋದವರು ಅಂಗಡಿಯವನೊಂದಿಗೆ ಜಗಳವಾಡಿ ಬಂದರು. ಅವನು ಚೀಟಿ ನೋಡಿ "ಬೆಲ್ಲ ಅಚ್ಚಿಂದೋ ಉಂಡೆದೋ ರೈಟ್ರೇ, ಇಲ್ಲಿ ಬರ್ದಿಲ್ಲ" ಎಂದು ಚೀಟಿಯನ್ನು ಇವರತ್ತ ಹಿಡಿದನಂತೆ. ಇವರು ನೋಡಿದರಂತೆ. "ಇದು ನನ್ನ ಚೀಟಿ ಅಲ್ಲ ಮಾರಾಯ, ಯಾರದ್ದೋ ಕೊಡ್ತಿದೀಯ" ಎಂದರಂತೆ.

ಮನೆಯವರೆಲ್ಲ ಸೇರಿ ಕನ್ನಡಕದ ಮೇಲೆ ತಪ್ಪು ಹೊರಿಸಿದೆವು. ಕೊಪ್ಪದ ಕನ್ನಡಕದ ಅಂಗಡಿಗೆ ನಾನೇ ಕರೆದುಕೊಂಡು ಹೋದೆ. ನನ್ನ ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿಯೂ ಅಲ್ಲೇ ಬಸ್‌ಸ್ಟ್ಯಾಂಡಿನ ಪಕ್ಕ ಇರುವುದರಿಂದ ದೊಡ್ಡಪ್ಪನ ಸಾರ್ವಜನಿಕ ಕೆಲಸಗಳೆಲ್ಲ ನನ್ನ ಪಾಲಿನವು. ಅಂಗಡಿಯವನು ಗೋಡೆಯ ಮೇಲಿನ ಅಕ್ಷರದ ಹಲಗೆ ತೋರಿಸಿ, ಗಾಜು ಬದಲಿಸುತ್ತ, "ಈಗ ಹೇಗೆ? ಇದ್ರಲ್ಲಿ?" ಎನ್ನುತ್ತಿದ್ದ. ದೊಡ್ಡಪ್ಪ ಮೇಲಿನ ದಪ್ಪ ಅಕ್ಷರವನ್ನೂ ಹೇಳಲಿಲ್ಲ. ಕೊನೆಗೊಂದು ಗಾಜು ಹಾಕಿದಾಗ ಮುಖ ಅರಳಿತು. "ಇದು ಒಳ್ಳೇದಿದೆ. ಹಲಗೆ ಹಿಂದಿಂದ ಒಂದು ಹಲ್ಲಿ ಇಣುಕ್ತಾ ಇದೆ ನೋಡಿ, ಅದರ ಕಣ್ಣೂ ಕಾಣ್ತದೆ" ಎಂದರು. ಅಂಗಡಿಯವನು ನನ್ನ ಮುಖ ನೋಡಿದ. ಹಲ್ಲಿಯ ಕಣ್ಣು ಕಾಣುವವರಿಗೆ 'ಅ' ಕಾಣುವುದಿಲ್ಲ ಎಂದರೆ ಅದು ಕಣ್ಣಿನ ದೋಷವಲ್ಲ ಎಂದು ವಾದಿಸಲು ನನಗೆ ಅವತ್ತೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಕನ್ನಡಕ ಕೊಂಡೆವು.

ಆಮೇಲೆ ಘಟ್ಟದ ಕೆಳಗಿನ ಒಂದು ದೊಡ್ಡ ಆಸ್ಪತ್ರೆ, ಅಲ್ಲಿ ತಲೆಯ ಫೋಟೊ, ಮಿದುಳಿನ ಡಾಕ್ಟರು. ಸಣ್ಣ ಸ್ಟ್ರೋಕ್ ಆಗಿದೆ, ಮಾತ್ರೆ ತಪ್ಪಿಸಬೇಡಿ ಎಂದು ಗಂಭೀರವಾದ ಮಾತುಗಳನ್ನು ಮೊದಲು ಹೇಳಿ, ಡಾಕ್ಟರು ಕಾಗದದ ಮೇಲೆ ಗೋಡಂಬಿಯಂಥ ಒಂದು ಚಿತ್ರ ಬರೆದರು. ಮನುಷ್ಯನ ಮಿದುಳಿನಲ್ಲಿ ಓದುವುದಕ್ಕೆಂದು ಹುಟ್ಟಿನಿಂದಲೇ ಕೊಟ್ಟ ಜಾಗವೇ ಇಲ್ಲವಂತೆ. ಅಕ್ಷರ ಬಂದದ್ದು ತೀರಾ ಇತ್ತೀಚೆಗೆ. ಆದ್ದರಿಂದ ನಾವು ಒಂದನೇ ಕ್ಲಾಸಿನಲ್ಲಿ ಅ ಆ ಇ ಈ ಕಲಿಯುವಾಗ, ಮುಖಗಳನ್ನು ಸಾಮಾನುಗಳನ್ನು ಗುರುತಿಸುವ ಜಾಗದ ಪಕ್ಕದಲ್ಲಿ ಅಕ್ಷರಗಳು ಒಂದು ಮೂಲೆಯನ್ನು ಹಿಡಿದುಕೊಂಡು ಅಲ್ಲೇ ನೆಲೆಸಿಬಿಡುತ್ತವೆ. "ಅಂದ್ರೆ ಒತ್ತುವರಿ" ಎಂದರು ದೊಡ್ಡಪ್ಪ. ಡಾಕ್ಟರು ಕರಾವಳಿಯವರು, ಅವರಿಗೆ ತಮಾಷೆ ಅರ್ಥವಾಗಲಿಲ್ಲ. ನಮ್ಮ ತಾಲ್ಲೂಕಿನವರಿಗೆ ಮಿದುಳಿನ ಬಗ್ಗೆ ಇದಕ್ಕಿಂತ ಸ್ಪಷ್ಟವಾದ ಮಾತನ್ನು ಯಾರೂ ಹೇಳಿರಲಾರರು: ಕಾಡಿನಂಚಿನಲ್ಲಿ ಬೇಲಿ ಹಾಕಿಕೊಂಡಿದ್ದೇವೆ, ಬೆಳೆ ತೆಗೆಯುತ್ತಿದ್ದೇವೆ, ಹಕ್ಕುಪತ್ರ ಮಾತ್ರ ಇಲ್ಲ.

"ಹಾಗಾದರೆ ಆ ಜಾಗವೇ ಹೋಯಿತೇ?" ಎಂದು ಕೇಳಿದೆ. ಜಾಗ ಇದೆಯಂತೆ, ಕಣ್ಣಿನಿಂದ ಅಲ್ಲಿಗೆ ಹೋಗುವ ದಾರಿ ಕುಸಿದಿದೆಯಂತೆ. ಕೈಯಿಂದ, ಕಿವಿಯಿಂದ ಹೋಗುವ ದಾರಿಗಳು ಬೇರೆ, ಅವು ಚೆನ್ನಾಗಿವೆಯಂತೆ. ಆಗುಂಬೆ ಘಾಟಿ ಕುಸಿದರೆ ಶೃಂಗೇರಿಯಿಂದ ಕೆರೆಕಟ್ಟೆ ಮೇಲೆ ಸುತ್ತಿಕೊಂಡು ಕೆಳಗಿಳಿಯುವುದಿಲ್ಲವೇ, ಹಾಗೆ. ನಾನು ಬಿಡಲಿಲ್ಲ. "ಬರೆಯುವಾಗ ಅಕ್ಷರದ ಆಕಾರ ಗೊತ್ತಿದೆ ತಾನೇ? ಗೊತ್ತಿರುವ ಆಕಾರ ಎದುರಿಗೆ ಬಂದಾಗ ಗುರುತು ಸಿಗುವುದಿಲ್ಲ ಎಂದರೆ ಇದು ಸ್ವವಿರೋಧ" ಎಂದೆ. ಡಾಕ್ಟರು ಸುಸ್ತಾದ ದನಿಯಲ್ಲಿ, "ಸ್ವವಿರೋಧವೇ. ಆದರೆ ನಿಮ್ಮ ದೊಡ್ಡಪ್ಪ ಹಾಗೇ ಇದ್ದಾರಲ್ಲ" ಎಂದರು. ಇಷ್ಟು ವರ್ಷ ವಾದ ಮಾಡಿದ್ದೇನೆ, ಇಂಥ ಉತ್ತರವನ್ನು ಎಲ್ಲಿಂದ ಹಿಡಿದು ಎಳೆಯಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ.

ಊರಿಗೆ ಬಂದ ಮೇಲೆ ಸಂಗತಿ ಹರಡಿತು, ಹರಡುತ್ತ ಎರಡು ಪಕ್ಷವಾಯಿತು. ಒಂದು ಪಕ್ಷ, ರೈಟರಿಗೆ ಓದು ಮರೆತಿದೆ ಎನ್ನುವವರದು. ಇನ್ನೊಂದು ಶೇಷಣ್ಣನದು. ಶೇಷಣ್ಣ ಎಂದರೆ ಕಮ್ಮರಡಿಯಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವವರು, ದೊಡ್ಡಪ್ಪನ ತಂಡದಲ್ಲಿ ರಾಜನ ಅರ್ಥ ಹೇಳುವವರು. ಮಾತಿಗೆ ಕೂತರೆ ರಾಜನ ತಾತ ಮುತ್ತಾತಂದಿರನ್ನೆಲ್ಲ ಒಂದು ಸುತ್ತು ಮಾತಾಡಿಸಿಕೊಂಡು ಬರುವವರು. ಅವರ ವಾದ ಹೀಗೆ: "ರೈಟ್ರು ಯಾವತ್ತು ಓದ್ತಿದ್ರು ಮಾರಾಯ್ತಿ? ಎಲ್ಲಾ ಬಾಯಿಪಾಠ. ಪುಸ್ತಕ ಎದ್ರಿಗೆ ಇಟ್ಕೊಳ್ಳಾದು ಶೋಭೆಗೆ, ದೇವರ ಮುಂದೆ ದೀಪ ಇಟ್ಟಹಾಗೆ. ಓದಿದ್ರೆ ತಾನೇ ಮರೆಯಾದು!" ಎರಡೂ ಪಕ್ಷ ತಪ್ಪು ಎಂದು ಸಾಧಿಸುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ಯಾರೂ ಹೊರಿಸಲಿಲ್ಲ, ನಾನೇ ಎತ್ತಿಕೊಂಡೆ.

ಮುಂದಿನ ತಾಳಮದ್ದಳೆಗೆ ಗೊತ್ತಾಗಿದ್ದ ಪ್ರಸಂಗದ ಪುಸ್ತಕವನ್ನು ಬಚ್ಚಿಟ್ಟು, ಹಾಡಿ ನೋಡೋಣ ಎಂದೆ. ದೊಡ್ಡಪ್ಪ ಮೊದಲಿನ ಪದ್ಯಗಳನ್ನು ಸೊಗಸಾಗಿ ಹಾಡಿದರು. ಆಮೇಲೆ ದೂತ ಬಂದವನು ಸಭೆಗೆ ಬರುವ ಮೊದಲೇ ವಾಪಸು ಹೊರಟುಬಿಟ್ಟ. ಪದ್ಯಗಳೆಲ್ಲ ಹೊಟ್ಟೆಯಲ್ಲಿವೆ, ಯಾವುದರ ಹಿಂದೆ ಯಾವುದು ಎಂಬುದು ಪುಸ್ತಕದಲ್ಲಿದೆ. ಸರಿ, ಶೇಷಣ್ಣ ಸೋತರು ಎಂದು ಸಂತೋಷಪಟ್ಟು ಪುಸ್ತಕ ಕೊಟ್ಟೆ. ಒಂದು ಪುಟ ನೋಡಿದವರೇ ದೊಡ್ಡಪ್ಪ ಸರಾಗವಾಗಿ ಆ ಪುಟದ್ದೇ ಪದ್ಯ ಎತ್ತಿಕೊಂಡರು. "ಓದಿದಿರಾ?" ಎಂದು ಹಾರಿಬಿದ್ದೆ. "ಇಲ್ವೆ, ಇಲ್ಲಿ ಕಾಫಿ ಕಲೆ ಇದ್ಯಲ್ಲ, ನಾರ್ವೆ ಮೇಳದಲ್ಲಿ ಚೆಲ್ಲಿದ್ದು. ಕಲೆ ಇರಾದು ಈ ಪದ್ಯಕ್ಕೆ." ಮುಂದಿನ ಪುಟದಲ್ಲಿ ಕಲೆ ಇರಲಿಲ್ಲ, ದೊಡ್ಡಪ್ಪ ಅಡಿಕೆ ಸುಲಿಯುವ ಯಂತ್ರದ ಮುಂದೆ ನಿಂತ ಬೆಕ್ಕಿನ ಹಾಗೆ ನೋಡುತ್ತ ಕೂತರು. ಅಂದರೆ ಶೇಷಣ್ಣನದು ಅರ್ಧ ಸರಿ, ನನ್ನದು ಅರ್ಧ ಸರಿ, ಎರಡು ಅರ್ಧ ಸೇರಿದರೆ ಒಂದಾಗುವುದಿಲ್ಲ, ಏನೋ ಬೇರೆಯೇ ಆಗುತ್ತದೆ.

ನನಗೆ ತಿಳಿದ ವಿದ್ಯೆ ಡಿಟಿಪಿ. ಪದ್ಯಗಳನ್ನೆಲ್ಲ ಟೈಪ್ ಮಾಡಿ, ಮದುವೆಮನೆಯ ಬ್ಯಾನರಿಗೆ ಹಾಕುವಷ್ಟು ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆದೆ. ದೊಡ್ಡಮ್ಮ ನೋಡಿ, "ಇದನ್ನ ನಮ್ಮನೆ ಎಮ್ಮೆನೂ ಓದ್ತದೆ" ಎಂದರು. ದೊಡ್ಡಪ್ಪ ಮಾತ್ರ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, "ಚಿತ್ರ ಚಂದ ಇದೆ. ರಂಗೋಲಿಯಾ?" ಎಂದರು. ಬಾಯಲ್ಲಿ ಅಕ್ಷರ ಹೇಳಿದರೆ ಹೇಗೆ ಎಂದು ಪರೀಕ್ಷಿಸಿದೆ. "ಕಕ್ಕೆ ಕೊಂಬು, ದಕ್ಕೆ ಕೊಂಬು" ಎನ್ನುವಷ್ಟರಲ್ಲೇ "ಕುದುರೆ. ಮುಂದಿಂದು ಹೇಳು, ಇದೆಂತ ಒಂದನೇ ಕ್ಲಾಸಾ" ಎಂದು ರೇಗಿದರು. ಹಾಗಾದರೆ ಇಯರ್‌ಫೋನ್ ಹಾಕಿಕೊಳ್ಳಿ, ನಾನು ಹಿಂದೆ ಕೂತು ಪದ್ಯದ ಮೊದಲ ಪದ ಹೇಳುತ್ತೇನೆ ಎಂದೆ. ಅವರು ಇಯರ್‌ಫೋನನ್ನು ತಿರುಗಿಸಿ ನೋಡಿ ನನ್ನ ಕೈಗೇ ವಾಪಸು ಕೊಟ್ಟರು. "ಕಿವೀಲಿ ನೀನು, ಬಾಯಲ್ಲಿ ನಾನು. ಆಗ ಭಾಗವತ ಯಾರೇ ಕೂಸೆ?"

ಆ ಪ್ರಶ್ನೆ ಕೇಳಿದ ರೀತಿಯಿಂದ ನನಗೆ ಗೊತ್ತಾಯಿತು, ನಾನು ಆಟವಾಡುತ್ತಿದ್ದೆ, ಅವರು ಆಡುತ್ತಿರಲಿಲ್ಲ. ಅಡ್ಡಗದ್ದೆಯಲ್ಲಿ ಪ್ರತಿವರ್ಷ ಸುಗ್ಗಿಯ ನಂತರದ ಒಂದು ಭಾನುವಾರ ತಾಳಮದ್ದಳೆ ಇರುತ್ತದೆ. ಅಲ್ಲಿ ಭಾಗವತರ ಮಣೆಯ ಮೇಲೆ ದೊಡ್ಡಪ್ಪನಲ್ಲದೆ ಬೇರೆಯವರು ಕೂತದ್ದನ್ನು ನಾನು ನೋಡಿಲ್ಲ. ಶೇಷಣ್ಣ ಈಗಾಗಲೇ ನರಸಿಂಹರಾಜಪುರದ ಕಡೆಯ ಒಬ್ಬ ಹೊಸ ಭಾಗವತರಿಗೆ ಫೋನ್ ಮಾಡಿ, "ರೈಟ್ರಿಗೆ ಆಗದಿದ್ರೆ ನೀವಿರಿ" ಎಂದು ಹೇಳಿಟ್ಟಿದ್ದರು. ಕೆಟ್ಟ ಮನಸ್ಸಿನಿಂದಲ್ಲ, ಕಾರ್ಯಕ್ರಮ ನಿಲ್ಲಬಾರದಲ್ಲ. ಆದರೆ ದೊಡ್ಡಪ್ಪನಿಗೆ ಅದು ಗೊತ್ತಿತ್ತು. "ಒಂದ್ಸಲ ಎದ್ದ ಮಣೆ ಮೇಲೆ ಮತ್ತೆ ಕೂರಕ್ಕಾಗಲ್ಲ" ಎಂದರು. ಆಮೇಲೆ ದೊಡ್ಡಮ್ಮನನ್ನು ಕರೆದು ಮಜ್ಜಿಗೆ ಹುಳಿಯಾಗಿದೆ ಎಂದು ಬೈದರು. ಮಜ್ಜಿಗೆ ಹುಳಿಯಾಗಿರಲಿಲ್ಲ.

ದಾರಿ ಸಿಕ್ಕಿದ್ದು ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ. ನನ್ನ ಅಂಗಡಿಯ ಎದುರು ದೊಡ್ಡಪ್ಪ ಬಸ್ಸಿಗೆ ಕಾಯುತ್ತಿದ್ದರು. ಒಂದು ಬಸ್ಸು ಬಂದು ನಿಂತಿತು. ಬಣ್ಣ ಹೊಸದು, ಹಾರ್ನು ಹೊಸದು. ನಮ್ಮ ಕಡೆಯವರು ಬಸ್ಸನ್ನು ಗುರುತು ಹಿಡಿಯುವುದು ಇವೆರಡರಿಂದಲೇ, ಬೋರ್ಡು ಇರುವುದು ಪರವೂರಿನವರಿಗೆ. ದೊಡ್ಡಪ್ಪ ಬೋರ್ಡು ನೋಡುತ್ತ, ತೋರುಬೆರಳನ್ನು ತೊಡೆಯ ಮೇಲಿಟ್ಟು ಏನೋ ಗೀಚುತ್ತಿದ್ದರು. ಗೆರೆ ಹೋದ ಕಡೆ ಬೆರಳನ್ನು ಓಡಿಸುತ್ತಾರೆ, ಬೆರಳು ಓಡಿದ್ದು ಬಾಯಿಗೆ ಬರುತ್ತದೆ. "ಕ" ಎಂದರು. ಒತ್ತಕ್ಷರಕ್ಕೆ ಬಂದಾಗ ಬೆರಳು ಘಾಟಿ ಇಳಿದು ಮತ್ತೆ ಹತ್ತಿತು. "ಮ್ಮ" ಎಂದರು. "ಕಮ್ಮರಡಿ!" ಎಂದು ಕೂಗಿ ಎದ್ದು ನಿಲ್ಲುವಷ್ಟರಲ್ಲಿ ಬಸ್ಸು ಹೋಗಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು ಇವರು ಏನೋ ಜಪ ಮಾಡುತ್ತಿದ್ದಾರೆಂದು ಕಾಲು ಎಳೆದುಕೊಂಡು ಕೂತಿದ್ದಳು. ನಾನು ಅಂಗಡಿಯಿಂದ ಓಡಿಬಂದೆ. ದೊಡ್ಡಪ್ಪನ ಮುಖದಲ್ಲಿ ಬಸ್ಸು ತಪ್ಪಿದ ಬೇಸರ ಒಂದಿಷ್ಟೂ ಇರಲಿಲ್ಲ. ಕೆರೆಕಟ್ಟೆ ದಾರಿ ತೆರೆದಿತ್ತು.

ಆದರೆ ಆ ವೇಗದಲ್ಲಿ ಪದ್ಯ ಓದಿದರೆ ರಾಜನಿಗೆ ಸಿಟ್ಟು ಬರುವಷ್ಟರಲ್ಲಿ ಸಭಿಕರಿಗೆ ನಿದ್ದೆ ಬರುತ್ತದೆ. ನಾನು ಇದನ್ನು ಹೇಳಿದೆ. ದೊಡ್ಡಪ್ಪ ನಕ್ಕು, "ನಾ ಹಾಡಿದ್ಮೇಲೆ ಸುಮ್ನೆ ಕೂತಿರಾದು ಎಷ್ಟು ಹೊತ್ತು? ಶೇಷಣ್ಣ ಬಾಯಿ ಬಿಟ್ರೆ ನಾನೊಂದು ಪುಸ್ತಕ ಓದಬಹುದು" ಎಂದರು. ನಿಜ. ಅರ್ಥಧಾರಿಗಳು ವಾದ ಮಾಡುತ್ತಿರುವಷ್ಟು ಹೊತ್ತು ಭಾಗವತರಿಗೆ ಕೆಲಸವಿಲ್ಲ. ಆ ಹೊತ್ತಿನಲ್ಲಿ ಬೆರಳು ಮುಂದಿನ ಪದ್ಯದ ಮೊದಲ ಸಾಲನ್ನು ತೊಡೆಯ ಮೇಲೆ ಓದಿಕೊಂಡರೆ ಸಾಕು, ಉಳಿದದ್ದು ತಾನಾಗಿ ಬರುತ್ತದೆ. ನಾನು ಇಷ್ಟು ವರ್ಷ ಯಾವುದನ್ನು ಅರಾಜಕತೆ ಎನ್ನುತ್ತಿದ್ದೆನೋ ಅದು ದೊಡ್ಡಪ್ಪನ ಮಿದುಳಿಗೆ ಬೇಕಾದಷ್ಟೇ ಅಗಲವಾಗಿತ್ತು. ತೊಂದರೆ ಒಂದೇ. ಆ ಪ್ರಸಂಗದ ನಡುಭಾಗದಲ್ಲಿ, ರಾಜನ ಸಿಟ್ಟಿನ ದೊಡ್ಡ ಪದ್ಯಕ್ಕೆ ಮೊದಲು, ಮಾತು ದೂತನದು. ದೂತನ ಅರ್ಥ ಹೇಳುವವರು ಚುಟುಕು ಮಾತಿನವರು. "ಅವ್ರ ಬದ್ಲು ನೀನು ಕೂರು" ಎಂದರು ದೊಡ್ಡಪ್ಪ. "ನನಗೆ ಗಂಟೆ ಹೊಡೆದು ನಿಲ್ಲಿಸಿಯೇ ಅಭ್ಯಾಸ" ಎಂದೆ. "ಗಂಟೆ ನಾನೇ. ನನ್ನ ಬೆರಳು ನೋಡ್ತಿರು. ಬೆರಳು ನಿಂತ್ರೆ ಪದ್ಯ ಸಿಕ್ಕಿದೆ ಅಂತ. ಅಲ್ಲೀತನಕ ಬಿಡ್ಬೇಡ." ಶೇಷಣ್ಣನಿಗೆ ಹೇಳಬಾರದು ಎಂದು ಮಾತಾಯಿತು.

ಅಡ್ಡಗದ್ದೆಯಲ್ಲಿ ಮಧ್ಯಾಹ್ನ ಊಟ ಮುಗಿದು ತಾಳಮದ್ದಳೆ ಶುರುವಾಯಿತು. ನರಸಿಂಹರಾಜಪುರದ ಭಾಗವತರು 'ಸುಮ್ಮನೆ ನೋಡಿ ಹೋಗೋಣ ಅಂತ ಬಂದೆ' ಎಂದು ತಮ್ಮದೇ ತಾಳವನ್ನು ಚೀಲದಲ್ಲಿಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತಿದ್ದರು. ಪ್ರಸಂಗ ಯಾವುದು ಎಂದು ಹೇಳುವುದಿಲ್ಲ, ಹೇಳಿದರೆ ತಿಳಿದವರು ತಪ್ಪು ಹುಡುಕುತ್ತಾರೆ. ಒಬ್ಬ ರಾಜ, ಅವನ ಬಳಿ ಸಂಧಿಗೆ ಬಂದ ದೂತ, ರಾಜ ಸಿಟ್ಟಾಗಿ ಯುದ್ಧ ಸಾರುತ್ತಾನೆ, ಇಷ್ಟು ಸಾಕು. ಮೊದಲಿನ ಭಾಗ ದೊಡ್ಡಪ್ಪ ಹೂವಿನ ಹಾಗೆ ನಡೆಸಿದರು. ಬೆರಳು ತೊಡೆಯ ಮೇಲೆ ಸದ್ದಿಲ್ಲದೆ ಓಡಾಡುತ್ತಿತ್ತು. ನೋಡಿದವರು ತಾಳ ಹಾಕುತ್ತಿದ್ದಾರೆ ಎಂದುಕೊಳ್ಳಬೇಕು. ನನ್ನ ಸರದಿ ಬಂತು. ಆಗಲೇ ನನಗೆ ಗೊತ್ತಾದದ್ದು: ಶೇಷಣ್ಣನಿಗೆ ಗಂಟಲು ಕಟ್ಟಿದೆ. ಹಿಂದಿನ ದಿನ ಗೊಬ್ಬರದ ಲೋಡು ಇಳಿಸುವಾಗ ಕೂಗಿ ಕೂಗಿ ಸ್ವರ ಹೋಗಿದೆ. ಯಾವಾಗಲೂ ತಾತನಿಂದ ಶುರುಮಾಡುವ ರಾಜ ಅವತ್ತು ಬರೀ ತಲೆ ಆಡಿಸುತ್ತಾನೆ, ಹೆಚ್ಚೆಂದರೆ "ಹೂಂ" ಎನ್ನುತ್ತಾನೆ. ನಡುವೆ ಬಾಯಿ ಹಾಕಿ ಹೊತ್ತು ಕಳೆಯುವವರು ಯಾರೂ ಇಲ್ಲ.

ನಾನು ಮಾತಾಡಿದೆ. ನಮ್ಮ ಒಡೆಯನ ಗುಣ ಹೇಳಿದೆ, ಪ್ರಜೆಗಳ ಕಷ್ಟ ಹೇಳಿದೆ, ಯುದ್ಧದಿಂದ ಆಗುವ ನಷ್ಟವನ್ನು ಕಾರಣ ಸಹಿತ ಮಂಡಿಸಿದೆ. ದೊಡ್ಡಪ್ಪನ ಬೆರಳು ನೋಡಿದೆ, ಓಡುತ್ತಿತ್ತು. ಬಂದ ದಾರಿಯನ್ನು ವರ್ಣಿಸಿದೆ. ಬೆರಳು ಓಡುತ್ತಿತ್ತು. ಪಾಪ, ಒತ್ತಕ್ಷರ ಬಹಳ ಇರಬೇಕು ಎಂದುಕೊಂಡು ರಾಜನ ಅರಮನೆಯ ಬಾಗಿಲನ್ನು ಹೊಗಳಿದೆ. ಹೇಳುವುದಕ್ಕೆ ಏನೂ ಉಳಿಯದೆ ಹೋದಾಗ ಚರ್ಚಾಕೂಟದ ಹಳೆಯ ಅಭ್ಯಾಸ ಎದ್ದು ಬಂತು: ಒಂದು ಪಕ್ಷ ಮುಗಿದರೆ ಇನ್ನೊಂದನ್ನು ಎತ್ತಿಕೊಳ್ಳುವುದು. "ಹಾಗೆ ನೋಡಿದರೆ ಪ್ರಭು, ನಮ್ಮ ಒಡೆಯನದೂ ತಪ್ಪಿದೆ" ಎಂದೆ. ಸಭೆ ನೆಟ್ಟಗೆ ಕೂತಿತು. ನಾನು ನಮ್ಮ ಒಡೆಯನ ತಪ್ಪುಗಳನ್ನು ಒಂದೊಂದಾಗಿ ಬಿಡಿಸಿಟ್ಟೆ. ರಾಜನ ವಾದದಲ್ಲಿ ಹುರುಳಿದೆ ಎಂದು ಒಪ್ಪಿದೆ. ಬೆರಳು ಇನ್ನೂ ಓಡುತ್ತಿತ್ತು, ಮೊದಲಿಗಿಂತ ಜೋರಾಗಿ. ಮೀನುಗಾಡಿಯ ಹಾರ್ನು ಕೇಳಿದರೂ ಯಾರೂ ಏಳಲಿಲ್ಲ. ಕೊನೆಗೆ ಗಡಿಯ ಹಳ್ಳಿಗಳನ್ನೂ ಬಿಟ್ಟುಕೊಡಲು ನಾವು ಸಿದ್ಧ ಎಂದು ನಾನು ಘೋಷಿಸಿದಾಗ, ಶೇಷಣ್ಣ ಗೊಗ್ಗರು ಸ್ವರದಲ್ಲಿ, ನಿಜವಾಗಿಯೂ ಗೊಂದಲಕ್ಕೆ ಬಿದ್ದು, "ಹಾಗಾದ್ರೆ... ಸಂಧಿ ಮಾಡ್ಕೊಳ್ಳೋಣವೇ?" ಎಂದುಬಿಟ್ಟರು.

ಸಂಧಿಯಾದರೆ ಯುದ್ಧವಿಲ್ಲ, ಯುದ್ಧವಿಲ್ಲದಿದ್ದರೆ ಪ್ರಸಂಗ ಅಲ್ಲಿಗೇ ಮುಗಿಯಿತು, ತಮ್ಮ ಸರದಿಗೆ ಕಾಯುತ್ತ ಕೂತಿದ್ದ ಸೇನಾಪತಿಗಳೆಲ್ಲ ಕಾಫಿ ಕುಡಿದು ಮನೆಗೆ ಹೋಗಬೇಕು. ಮುಂದಿನ ಸಾಲಿನ ಭಾಗವತರ ಕೈ ಚೀಲದ ಬಾಯಿಗೆ ಹೋಯಿತು. ಆಗ ದೊಡ್ಡಪ್ಪ, ಮಾತುಗಾರರು ಪದ್ಯಕ್ಕೆ ದಾರಿ ಮಾಡಿಕೊಡುವವರೆಗೆ ಕಾಯಬೇಕೆಂಬ ಮರ್ಯಾದೆಯನ್ನೂ ಬದಿಗಿಟ್ಟು, ತಾಳವನ್ನು ಒಂದೇ ಏಟಿಗೆ ಬಡಿದು, ರಾಜನ ಸಿಟ್ಟಿನ ಪದ್ಯವನ್ನು ಎತ್ತಿಕೊಂಡರು. ಅಂಥ ಸಿಟ್ಟನ್ನು ನಾನು ಅವರ ದನಿಯಲ್ಲಿ ಕೇಳಿದ್ದಿಲ್ಲ. ಪದ್ಯದ ಮೊದಲ ಸಾಲಿನಿಂದ ಕೊನೆಯ ಸಾಲಿನ ತನಕ ಒಂದಕ್ಷರ ಜಾರಲಿಲ್ಲ. ರಾಜ ಸಿಟ್ಟಾದ, ಯುದ್ಧ ಉಳಿಯಿತು.

ಮುಗಿದ ಮೇಲೆ ಶೇಷಣ್ಣ ದೊಡ್ಡಪ್ಪನ ಕೈ ಹಿಡಿದು, ಉಳಿದಿದ್ದ ಅಷ್ಟಿಷ್ಟು ಸ್ವರದಲ್ಲಿ, "ತಪ್ಪಾಯ್ತು ರೈಟ್ರೇ. ಪುಸ್ತಕದಿಂದ ಕಣ್ಣೇ ಎತ್ಲಿಲ್ಲ ನೀವು! ಓದು ಮರ್ತಿದೆ ಅಂದವರ ಬಾಯಿಗೆ ಬೂದಿ ಹಾಕ್ಬೇಕು" ಎಂದರು. ಅವರ ಸ್ವಂತ ಪಕ್ಷ ಯಾವುದಾಗಿತ್ತು ಎಂಬುದು ಅವರಿಗೇ ನೆನಪಿರಲಿಲ್ಲ. ನರಸಿಂಹರಾಜಪುರದ ಭಾಗವತರು ಚೀಲವನ್ನು ಹೆಗಲಿಗೆ ಹಾಕಿಕೊಂಡು, ದೊಡ್ಡಪ್ಪನ ಕಾಲು ಮುಟ್ಟಿ ಬಸ್ಸಿಗೆ ಹೋದರು. ಮುಂದಿನ ವರ್ಷಕ್ಕೂ ಮಣೆ ದೊಡ್ಡಪ್ಪನದೇ ಎಂದು ಅಲ್ಲೇ ಮಾತಾಯಿತು. ಶೇಷಣ್ಣ ನನ್ನ ಕಡೆ ತಿರುಗಿ, "ನೀ ಮಾತ್ರ ಎಂತ ಮಾರಾಯ್ತಿ, ದೂತ ಆಗಿ ಬಂದು ರಾಜ್ಯನೇ ಮಾರಕ್ಕೆ ಹೊರಟಿದ್ಯಲ್ಲ" ಎಂದರು. ಒಬ್ಬ ಮನುಷ್ಯನ ಮಾನ ಉಳಿಸಲು ಒಂದು ರಾಜ್ಯ ಹೋದರೆ ಹೋಗಲಿ ಎಂಬ ತ್ಯಾಗದ ಭಾವ ನನ್ನಲ್ಲಿತ್ತು. ಆ ಭಾವ ಮರುದಿನ ಬೆಳಿಗ್ಗೆಯವರೆಗೆ ಬಾಳಿತು.

ಮರುದಿನ ತಂಡದ ವಾಟ್ಸ್ಯಾಪ್ ಗುಂಪಿಗೆ ಯಾರೋ ವಿಡಿಯೊ ಹಾಕಿದರು. ಅಂಗಡಿಯಲ್ಲಿ ಗಿರಾಕಿಗಳ ನಡುವೆ ನೋಡಿದೆ. ಮೊದಲು ನನ್ನನ್ನೇ ನೋಡಿಕೊಂಡೆ, ಅದು ಸಹಜ. ಆಮೇಲೆ ಬೆರಳನ್ನು ನೋಡಿದೆ. ಮೊದಲಿನ ಭಾಗಗಳಲ್ಲಿ ಅದು ಬೇರೆ ಬೇರೆ ತಿರುವುಗಳಲ್ಲಿ ಹೋಗಿ, ನಿಂತು, ಪದ್ಯ ಬರುತ್ತಿತ್ತು. ನನ್ನ ಮಾತಿನ ಭಾಗದಲ್ಲಿ ಮಾತ್ರ, ನಾನು ಬಾಯಿ ತೆರೆದ ಗಳಿಗೆಯಿಂದಲೇ, ಬೆರಳು ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಸುತ್ತುತ್ತಿದೆ. ಮುಗಿಸುತ್ತದೆ, ಎತ್ತುತ್ತದೆ, ಮತ್ತೆ ಅದನ್ನೇ ಬರೆಯುತ್ತದೆ. ನಿಲ್ಲಿಸಿ ನೋಡಿದೆ, ನಿಧಾನ ಮಾಡಿ ನೋಡಿದೆ. ಓದಲಾಗಲಿಲ್ಲ. ದಿನಾ ಊರವರ ಅರ್ಜಿ, ಲಗ್ನಪತ್ರಿಕೆ, ಕೈಬರಹ ಎಲ್ಲ ಓದುವ ಕಣ್ಣು ನನ್ನದು, ಆ ಗೆರೆಗಳನ್ನು ನೋಡಿ ನೋಡಿ ರಂಗೋಲಿಯಾ ಎನ್ನಿಸಿತು. ಕೊನೆಗೆ ಜೆರಾಕ್ಸ್ ಯಂತ್ರದ ಮುಚ್ಚಳದ ಮೇಲೆ ನನ್ನ ಬೆರಳನ್ನಿಟ್ಟು, ಪರದೆಯ ಮೇಲಿನ ಬೆರಳು ಹೋದಲ್ಲೆಲ್ಲ ಓಡಿಸಿದೆ. ಒಂದು ಸಲ, ಎರಡನೆಯ ಸಲ. ಬಾಯಿಗೆ ತಾನಾಗಿ ಬಂತು.

"ಸಾಕು."

ಆಧಾರ್ ಕಾರ್ಡಿನ ಜೆರಾಕ್ಸಿಗೆ ಕಾಯುತ್ತಿದ್ದ ಹೆಂಗಸು ನನ್ನ ಬೆರಳನ್ನೂ ಮುಖವನ್ನೂ ನೋಡಿ, "ಎಂತ ಮಾರಾಯ್ತಿ, ದೊಡ್ಡಪ್ಪಂದು ನಿಂಗೂ ಶುರುವಾಯ್ತಾ?" ಎಂದಳು.

ಅಂದರೆ ಪದ್ಯ ಯಾವತ್ತೋ ಸಿಕ್ಕಿತ್ತು. ದೊಡ್ಡಪ್ಪ ನನಗೆ ಸಾಕು, ಸಾಕು, ಸಾಕು ಎಂದು ಬರೆಯುತ್ತಿದ್ದರು. ಬೆರಳು ನಿಲ್ಲಲಿಲ್ಲವೆಂದು ನಾನು ರಾಜ್ಯ ಹಂಚುತ್ತಿದ್ದೆ. ಆ ಸಭೆಯಲ್ಲಿ ಓದಲು ಬಾರದವರು ಒಬ್ಬರೇ ಇದ್ದರು, ಅವರು ಭಾಗವತರ ಮಣೆಯ ಮೇಲೆ ಕೂತಿರಲಿಲ್ಲ. ಅವಮಾನವನ್ನು ನುಂಗಿಕೊಂಡ ಮೇಲೆ ಒಂದು ಸಂಶಯ ಹುಟ್ಟಿತು, ಅದು ಅವಮಾನಕ್ಕಿಂತ ದೊಡ್ಡದು. ಶಟರ್ ಎಳೆದು ನೇರವಾಗಿ ದೊಡ್ಡಪ್ಪನ ಮನೆಗೆ ಹೋದೆ. ಅವರು ಜಗಲಿಯಲ್ಲಿ ಕೂತು ಹುಣಸೆಹಣ್ಣು ಹಚ್ಚಿ ತಾಳ ತಿಕ್ಕುತ್ತಿದ್ದರು. ವಿಡಿಯೊ ತೋರಿಸಿದೆ. ನೋಡಿದರು, ತಮ್ಮ ಬೆರಳನ್ನು ನೋಡಿ ಸ್ವಲ್ಪ ನಕ್ಕರು, ಮತ್ತೆ ತಾಳ ತಿಕ್ಕತೊಡಗಿದರು. ನಾನು ಎದುರಿಗೆ ಕೂತೆ. ಆ ಪುಟದಲ್ಲಿ ಕಾಫಿ ಕಲೆ ಇಲ್ಲ, ನಾನೇ ಪುಸ್ತಕ ತೆಗೆದು ನೋಡಿದ್ದೇನೆ. ಪುಸ್ತಕವಿಲ್ಲದೆ ಆ ಜಾಗಕ್ಕೆ ಬಂದರೆ ದೂತ ವಾಪಸು ಹೋಗುವುದನ್ನೂ ನೋಡಿದ್ದೇನೆ. ಕಣ್ಣಿನ ದಾರಿ ಕುಸಿದಿದೆ ಎಂದು ಡಾಕ್ಟರು ಚಿತ್ರ ಬರೆದು ತೋರಿಸಿದ್ದಾರೆ. ಉಳಿದದ್ದು ಬೆರಳೊಂದೇ. ಅದಕ್ಕೋ, ಮೊದಲಿನಿಂದಲೂ ನನ್ನನ್ನು ಸುಮ್ಮನಾಗಿಸುವ ಕೆಲಸವೇ ಮುಗಿದಿರಲಿಲ್ಲ.

"ಹಾಗಾದ್ರೆ ಹೇಳಿ ದೊಡ್ಡಪ್ಪ, ಬೆರಳು ನಂಗೆ ಸಾಕು ಸಾಕು ಅಂತ ಬರೀತಾ ಇತ್ತಲ್ಲ, ಆವಾಗ ಪದ್ಯ ಓದಿದ್ದು ಯಾರು?"